ರೋಗದ ಸುದ್ದಿ, ಪೇಟೆಯ ಧಾರಣೆ: ಕೋಲಾರ ಸೀಮೆಯಲ್ಲಿ ಸಾಂಕ್ರಾಮಿಕ ರೋಗಗಳ ನಿಗಾ

ಮುಳಬಾಗಿಲು ಎಂದೊಡನೆ ವರ್ತಕರಿಗೆ ನೆನಪಾಗುವುದು ಆಂಧ್ರದ ಗಡಿ, ಜಿಎಸ್‌ಟಿ ಬರುವ ಮುನ್ನ ನಂಗಲಿಯಲ್ಲಿ ನಿಲ್ಲುತ್ತಿದ್ದ ಲಾರಿಗಳ ಸಾಲು ಮತ್ತು ಊರಿನ ಹೆಸರನ್ನೇ ಹೊತ್ತ ದೋಸೆ. ಸಾರ್ವಜನಿಕ ಆರೋಗ್ಯದ ಚರಿತ್ರೆಯಲ್ಲಿ ಈ ಊರು ಉಲ್ಲೇಖಗೊಂಡಿರುವುದು ಬೇರೊಂದು ಕಾರಣಕ್ಕೆ. 1966ರಲ್ಲಿ, ಪ್ರಯೋಗಾಲಯದ ಪರೀಕ್ಷೆಯಿಂದ ದೃಢಪಟ್ಟ ಪ್ಲೇಗ್ ಪ್ರಕರಣವೊಂದು ಮುಳಬಾಗಿಲಿನಿಂದ ವರದಿಯಾಯಿತು. ಅದಾದ ಮೇಲೆ ಇಪ್ಪತ್ತೆಂಟು ವರ್ಷಗಳ ಕಾಲ, ಅಂದರೆ 1994ರವರೆಗೆ, ದೇಶದ ಯಾವ ಮೂಲೆಯಿಂದಲೂ ಅಂಥ ವರದಿ ಬರಲಿಲ್ಲ. ಒಂದು ಶತಮಾನದ ಮಹಾಮಾರಿಯ ಕಡತ ಮುಚ್ಚಿದ್ದು ಕೋಲಾರ ಜಿಲ್ಲೆಯ ಈ ತಾಲ್ಲೂಕಿನಲ್ಲಿ ಎಂದು ಆಗ ಭಾವಿಸಲಾಗಿತ್ತು.

ಆದರೆ ನಿಗಾ ನಿಲ್ಲಲಿಲ್ಲ. ಕರ್ನಾಟಕ, ಆಂಧ್ರ ಪ್ರದೇಶ ಮತ್ತು ತಮಿಳುನಾಡು ಕೂಡುವ ಈ ಮೂಲೆಯನ್ನು ರೋಗತಜ್ಞರು ಇಂದಿಗೂ ಪ್ಲೇಗಿನ ಸುಪ್ತ ನೆಲೆಗಳಲ್ಲಿ ಒಂದೆಂದು ಗಣಿಸುತ್ತಾರೆ. ಮಹಾರಾಷ್ಟ್ರದ ಬೀಡ್ ಪ್ರದೇಶ ಮತ್ತು ಹಿಮಾಚಲ ಪ್ರದೇಶದ ರೋಹ್ರು ಪ್ರದೇಶಗಳೂ ಇದೇ ಪಟ್ಟಿಯಲ್ಲಿವೆ. ಸುಪ್ತ ನೆಲೆ ಎಂದರೆ ಮನುಷ್ಯರಲ್ಲಿ ರೋಗವಿಲ್ಲ, ಆದರೆ ಹೊಲದ ಬಿಲಗಳಲ್ಲಿ ಬದುಕುವ ಜರ್ಬಿಲ್ ಜಾತಿಯ ಇಲಿಗಳ ನಡುವೆ ರೋಗಾಣು ಸದ್ದಿಲ್ಲದೆ ಉಳಿದಿರಬಹುದು ಎಂದರ್ಥ. ಕೇಂದ್ರ ಸರ್ಕಾರದ ರಾಷ್ಟ್ರೀಯ ರೋಗ ನಿಯಂತ್ರಣ ಕೇಂದ್ರಕ್ಕೆ ಸೇರಿದ ಪ್ಲೇಗ್ ನಿಗಾ ಘಟಕವೊಂದು ಬೆಂಗಳೂರಿನಲ್ಲಿದೆ. ಇಂಥ ಘಟಕಗಳ ಕೆಲಸದ ರೀತಿ ಸರಳವಾದದ್ದು, ಆದರೆ ಬೇಸರ ತರಿಸುವಷ್ಟು ತಾಳ್ಮೆ ಬೇಡುವಂಥದು. ಹಳ್ಳಿಗಳಲ್ಲಿ ಬೋನು ಇಟ್ಟು ಇಲಿ ಹಿಡಿಯುವುದು, ಅವುಗಳ ಮೈಮೇಲಿನ ಚಿಗಟಗಳನ್ನು ಬಾಚಿ ಎಣಿಸುವುದು, ರಕ್ತದ ಮಾದರಿಯಲ್ಲಿ ಪ್ಲೇಗಿನ ಪ್ರತಿಕಾಯಗಳಿವೆಯೇ ಎಂದು ಪರೀಕ್ಷಿಸುವುದು. ಒಂದು ಇಲಿಗೆ ಸರಾಸರಿ ಒಂದಕ್ಕಿಂತ ಹೆಚ್ಚು ಇಲಿಚಿಗಟ ಸಿಕ್ಕಿದರೆ ಅದು ಎಚ್ಚರಿಕೆಯ ಮಟ್ಟ. ದಶಕಗಳ ಕಾಲ ಏನೂ ಸಂಭವಿಸದಿದ್ದರೂ ಈ ಲೆಕ್ಕ ನಡೆಯುತ್ತಲೇ ಇರಬೇಕು. ವ್ಯಾಪಾರದ ಭಾಷೆಯಲ್ಲಿ ಹೇಳುವುದಾದರೆ ಇದು ಪ್ರತಿವರ್ಷ ಕಟ್ಟುವ ವಿಮೆಯ ಕಂತು; ಅಂಗಡಿಗೆ ಬೆಂಕಿ ಬೀಳಲಿಲ್ಲವೆಂದು ಕಂತು ದಂಡವಾಯಿತೆಂದು ಯಾವ ವರ್ತಕನೂ ಹೇಳುವುದಿಲ್ಲ.

ಸೂರತ್ ತೆತ್ತ ಬೆಲೆ

ಈ ಕಂತನ್ನು ಕಟ್ಟದಿದ್ದರೆ ಆಗುವ ನಷ್ಟವೇನೆಂಬುದನ್ನು ದೇಶ ಕಂಡದ್ದು 1994ರಲ್ಲಿ. ಆ ವರ್ಷ ಆಗಸ್ಟ್ ಕೊನೆಯಲ್ಲಿ ಬೀಡ್ ಜಿಲ್ಲೆಯ ಮಾಮ್ಲಾ ಗ್ರಾಮದಲ್ಲಿ ಗೆಡ್ಡೆ ಪ್ಲೇಗಿನ ಶಂಕಿತ ರೋಗಿಗಳು ಕಂಡುಬಂದರು. ಸೆಪ್ಟೆಂಬರ್ ಮೂರನೇ ವಾರದಲ್ಲಿ ಸೂರತ್ ನಗರದಿಂದ ಶ್ವಾಸಕೋಶದ ಪ್ಲೇಗಿನ ಸುದ್ದಿ ಹೊರಬಿತ್ತು. ವಜ್ರ ಕತ್ತರಿಸುವ, ಬಟ್ಟೆ ನೇಯುವ ಲಕ್ಷಾಂತರ ಕಾರ್ಮಿಕರು ಕೆಲವೇ ದಿನಗಳಲ್ಲಿ ರೈಲು, ಬಸ್ಸು ಹಿಡಿದು ತಮ್ಮ ಊರುಗಳತ್ತ ಓಡಿದರು. ಮಗ್ಗಗಳು ನಿಂತವು. ಹಲವು ದೇಶಗಳು ಭಾರತಕ್ಕೆ ವಿಮಾನ ಸಂಚಾರ ನಿಲ್ಲಿಸಿದವು, ಕೆಲವು ದೇಶಗಳು ಭಾರತದ ಸರಕನ್ನೇ ನಿರಾಕರಿಸಿದವು. ಇಂಥ ನಿರ್ಬಂಧಗಳ ಅಗತ್ಯವಿಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳಿದರೂ ಕೇಳುವವರಿರಲಿಲ್ಲ. ವ್ಯಾಪಾರ ಮತ್ತು ಪ್ರವಾಸೋದ್ಯಮಕ್ಕೆ ಆದ ನಷ್ಟವನ್ನು ಸುಮಾರು 200 ಕೋಟಿ ಡಾಲರ್ ಎಂದು ಅಂದಾಜಿಸಲಾಯಿತು.

ಇಲ್ಲಿ ಗಮನಿಸಬೇಕಾದ ಸಂಖ್ಯೆಗಳು ಬೇರೆಯೇ ಇವೆ. ಆ ದಿನಗಳಲ್ಲಿ ದೇಶದಾದ್ಯಂತ ಶಂಕಿತ ರೋಗಿಗಳೆಂದು ಲೆಕ್ಕಕ್ಕೆ ಬಂದವರು 5,000ಕ್ಕೂ ಹೆಚ್ಚು. ಕೊನೆಗೆ ಪ್ಲೇಗ್ ಇರಬಹುದೆಂದು ಅಧಿಕೃತವಾಗಿ ಪರಿಗಣಿಸಿದ ಪ್ರಕರಣಗಳು 876, ಸಾವು 54. ಒಂದೊಂದು ಸಾವೂ ದುಃಖಕರವೇ. ಆದರೆ ಲಕ್ಷಾಂತರ ಜನ ಊರು ಬಿಟ್ಟದ್ದು, ಬಂದರುಗಳಲ್ಲಿ ಸರಕು ಕೊಳೆತದ್ದು ಈ 876 ಪ್ರಕರಣಗಳಿಂದ ಮಾತ್ರವಲ್ಲ. ಯಾವುದು ನಿಜ, ಯಾವುದು ಗಾಳಿಮಾತು ಎಂದು ಸಕಾಲದಲ್ಲಿ ಹೇಳಬಲ್ಲ ಒಂದು ವ್ಯವಸ್ಥೆ ಇಲ್ಲದಿದ್ದುದರಿಂದ. ಪ್ರಯೋಗಾಲಯದ ಖಚಿತ ಉತ್ತರ ಬರುವಷ್ಟರಲ್ಲಿ ಪೇಟೆ ತನ್ನ ತೀರ್ಪು ಕೊಟ್ಟಾಗಿತ್ತು. ಅದೇ ಪ್ಲೇಗು 2002ರ ಫೆಬ್ರುವರಿಯಲ್ಲಿ ಹಿಮಾಚಲದ ಶಿಮ್ಲಾ ಜಿಲ್ಲೆಯಲ್ಲಿ 16 ಜನರಿಗೆ ತಗುಲಿ 4 ಜನ ತೀರಿಕೊಂಡಾಗ, 2004ರ ಅಕ್ಟೋಬರ್‌ನಲ್ಲಿ ಉತ್ತರಕಾಶಿಯ ಒಂದು ಹಳ್ಳಿಯಲ್ಲಿ 8 ಜನರಿಗೆ ತಗುಲಿ 3 ಜನ ತೀರಿಕೊಂಡಾಗ ದೇಶದ ಬಹುಪಾಲು ವರ್ತಕರಿಗೆ ಅದರ ಸುದ್ದಿಯೂ ತಿಳಿಯಲಿಲ್ಲ. ಎರಡೂ ಸಂದರ್ಭಗಳಲ್ಲಿ ರೋಗವನ್ನು ಬೇಗ ಗುರುತಿಸಿ ಅಲ್ಲಲ್ಲೇ ಹತ್ತಿಕ್ಕಲಾಯಿತು.

ಮಂಡಿಯಲ್ಲಿ ಇದಕ್ಕೆ ಹೋಲಿಕೆ ಹುಡುಕಬೇಕಿಲ್ಲ. ಮದನಪಲ್ಲಿಯ ಟೊಮೆಟೊ ಧಾರಣೆ ಕೋಲಾರದ ಹರಾಜಿಗೆ ಮುನ್ನ ಗೊತ್ತಾದರೆ ಅದಕ್ಕೆ ಬೆಲೆಯುಂಟು. ಸಂಜೆ ಗೊತ್ತಾದರೆ ಅದು ಬರೀ ಮಾತು. ರೋಗದ ಸುದ್ದಿಯ ಲೆಕ್ಕವೂ ಇದೇ.

ತೋಟಿಯ ವರದಿಯಿಂದ ಮೊಬೈಲಿನ ವರದಿಗೆ

ವರದಿ ಮಾಡುವ ಪದ್ಧತಿ ಈ ಸೀಮೆಗೆ ಹೊಸದೇನಲ್ಲ. 1896ರಲ್ಲಿ ಮುಂಬಯಿಗೆ ಬಂದ ಪ್ಲೇಗು 1898ರ ಆಗಸ್ಟ್‌ನಲ್ಲಿ ಹುಬ್ಬಳ್ಳಿಯಿಂದ ರೈಲುದಾರಿಯಲ್ಲಿ ಬೆಂಗಳೂರನ್ನು ಮುಟ್ಟಿತು. ಮೈಸೂರು ಸಂಸ್ಥಾನ ವಿ. ಪಿ. ಮಾಧವರಾಯರನ್ನು ಪ್ಲೇಗ್ ಕಮಿಷನರ್ ಆಗಿ ನೇಮಿಸಿತು. ಜನನ ಮರಣಗಳ ಲೆಕ್ಕ ಆಗ ಹಳ್ಳಿಯ ಪಟೇಲ, ಶಾನುಭೋಗರ ಕೈಯಲ್ಲಿತ್ತು. ಸುದ್ದಿ ಮುಟ್ಟಿಸುವವನು ತೋಟಿ. ಆದರೆ ಯಾವ ಕಡತಕ್ಕೂ ಮುಂಚೆ ಸುದ್ದಿ ಕೊಡುತ್ತಿದ್ದುದು ಇಲಿಗಳೇ. ‘ಇಲಿ ಬಿತ್ತು’ ಎಂಬ ಎರಡು ಪದ ಕಿವಿಗೆ ಬಿದ್ದರೆ ಸಾಕು, ಜನ ಮನೆಗೆ ಬೀಗ ಹಾಕಿ, ಹೊಲಗಳಲ್ಲಿ ಗುಡಿಸಲು ಕಟ್ಟಿಕೊಂಡು ತಿಂಗಳುಗಟ್ಟಲೆ ಊರಾಚೆ ಇರುತ್ತಿದ್ದರು. ಹಳೆಯ ಮೈಸೂರು ಪ್ರಾಂತ್ಯದ ಊರುಗಳಲ್ಲಿ ಇಂದಿಗೂ ಉಳಿದಿರುವ ಪ್ಲೇಗಮ್ಮನ ಗುಡಿಗಳು ಆ ಕಾಲದವು. ಅಕ್ಷರ ಬಾರದ ಜನ ಕಂಡುಕೊಂಡಿದ್ದ ಈ ಎಚ್ಚರಿಕೆಯನ್ನು ಆಧುನಿಕ ವೈದ್ಯಶಾಸ್ತ್ರವೂ ಒಪ್ಪುತ್ತದೆ. ಕಾರಣವಿಲ್ಲದೆ ಇಲಿಗಳು ಒಂದೇ ಕಡೆ ಸತ್ತು ಬೀಳುವುದು ಪ್ಲೇಗಿನ ಮೊದಲ ಸೂಚನೆಯೆಂದು ಇಂದಿನ ನಿಗಾ ವ್ಯವಸ್ಥೆಯೂ ಪರಿಗಣಿಸುತ್ತದೆ.

ಇಂದಿನ ವ್ಯವಸ್ಥೆಗೆ ಬುನಾದಿ ಬಿದ್ದದ್ದು 2004ರ ನವೆಂಬರ್‌ನಲ್ಲಿ. ವಿಶ್ವಬ್ಯಾಂಕಿನ ನೆರವಿನಿಂದ ಆರಂಭವಾದ ಸಮಗ್ರ ರೋಗ ನಿಗಾ ಯೋಜನೆಯ ಮೊದಲ ಹಂತದ ಒಂಬತ್ತು ರಾಜ್ಯಗಳಲ್ಲಿ ಕರ್ನಾಟಕವೂ ಸೇರಿತ್ತು. ಇದರ ಹೂರಣ ಮೂರು ನಮೂನೆಗಳಲ್ಲಿದೆ. ಉಪಕೇಂದ್ರದ ಆರೋಗ್ಯ ಸಿಬ್ಬಂದಿ ಮನೆಮನೆ ಭೇಟಿಯಲ್ಲಿ ಕಂಡ ಜ್ವರ, ಕೆಮ್ಮು, ಭೇದಿ, ಕಾಮಾಲೆಗಳನ್ನು ಲಕ್ಷಣದ ಆಧಾರದ ಮೇಲೆ ‘ಎಸ್’ ನಮೂನೆಯಲ್ಲಿ ಬರೆಯುತ್ತಾರೆ. ವೈದ್ಯರು ರೋಗಿಯನ್ನು ನೋಡಿ ಶಂಕಿಸಿದ ರೋಗವನ್ನು ‘ಪಿ’ ನಮೂನೆಯಲ್ಲಿ, ಪ್ರಯೋಗಾಲಯಗಳು ದೃಢಪಟ್ಟ ರೋಗವನ್ನು ‘ಎಲ್’ ನಮೂನೆಯಲ್ಲಿ ದಾಖಲಿಸುತ್ತವೆ. ಮೊದಲೆಲ್ಲ ಸೋಮವಾರದಿಂದ ಭಾನುವಾರದವರೆಗಿನ ಲೆಕ್ಕ ವಾರಕ್ಕೊಮ್ಮೆ ತಾಲ್ಲೂಕಿನಿಂದ ಜಿಲ್ಲೆಗೆ, ಜಿಲ್ಲೆಯಿಂದ ರಾಜ್ಯಕ್ಕೆ ಕಾಗದದಲ್ಲಿ ಸಾಗುತ್ತಿತ್ತು. 2018ರ ನವೆಂಬರ್‌ನಲ್ಲಿ ಪ್ರಾಯೋಗಿಕವಾಗಿ ಕೆಲವು ರಾಜ್ಯಗಳಲ್ಲಿ, 2021ರ ಏಪ್ರಿಲ್‌ನಿಂದ ಇಡೀ ದೇಶದಲ್ಲಿ ಇದು ಸಮಗ್ರ ಆರೋಗ್ಯ ಮಾಹಿತಿ ವೇದಿಕೆಯೆಂಬ ಗಣಕ ವ್ಯವಸ್ಥೆಗೆ ವರ್ಗವಾಯಿತು. ಶ್ರೀನಿವಾಸಪುರದ ಯಾವುದೋ ಉಪಕೇಂದ್ರದಲ್ಲಿ ಮೊಬೈಲಿನಲ್ಲಿ ನಮೂದಾದ ಪ್ರಕರಣ ಅದೇ ದಿನ ಜಿಲ್ಲಾ ಕಚೇರಿಯಲ್ಲಿ ಕಾಣುವುದು ಈಗ ಸಾಧ್ಯವಿದೆ.

ಸಂಖ್ಯೆ ಎಷ್ಟಾದರೆ ಗಂಟೆ ಬಾರಿಸಬೇಕೆಂಬುದಕ್ಕೂ ನಿಯಮಗಳಿವೆ. ಉದಾಹರಣೆಗೆ, ಸಾವಿರ ಜನಸಂಖ್ಯೆಯ ಹಳ್ಳಿಯಲ್ಲಿ ಹತ್ತಕ್ಕಿಂತ ಹೆಚ್ಚು ಮನೆಗಳಲ್ಲಿ ಒಬ್ಬೊಬ್ಬರಿಗಾದರೂ ಭೇದಿ ಕಾಣಿಸಿದರೆ, ಅಥವಾ ಐದು ವರ್ಷ ಮೀರಿದ ಒಬ್ಬನೇ ಒಬ್ಬ ವ್ಯಕ್ತಿ ಭೇದಿಯಿಂದ ತೀವ್ರ ನಿರ್ಜಲೀಕರಣಕ್ಕೆ ಒಳಗಾದರೆ, ಕಾಲರಾ ಇರಬಹುದೆಂದು ತನಿಖೆ ಆರಂಭವಾಗಬೇಕು. ಒಬ್ಬನಿಗೆ ಇಷ್ಟು ಮಹತ್ವವೇಕೆ ಎಂದು ಓದುಗರಿಗೆ ಅನ್ನಿಸಬಹುದು. ಮಕ್ಕಳಿಗೆ ಭೇದಿ ಬರಲು ನೂರು ಕಾರಣ; ಗಟ್ಟಿಮುಟ್ಟಾದ ದುಡಿಯುವ ಆಳು ಅರ್ಧ ದಿನದಲ್ಲಿ ನೀರಿಳಿದು ಕುಸಿದರೆ ಕಾರಣಗಳು ಬೆರಳೆಣಿಕೆಯಷ್ಟು ಮಾತ್ರ.

ಸೊಳ್ಳೆಯ ಲೆಕ್ಕ

ಪ್ಲೇಗಿನಷ್ಟು ಭಯಾನಕವಲ್ಲದಿದ್ದರೂ ಈ ಜಿಲ್ಲೆಯ ದುಡಿಮೆಯನ್ನು ಹೆಚ್ಚು ಬಾರಿ ಕೆಡಿಸಿರುವುದು ಸೊಳ್ಳೆ. 1977ರಿಂದ 1979ರ ನಡುವೆ ಕೋಲಾರ ಜಿಲ್ಲೆಯಲ್ಲಿ ಸಂಗ್ರಹಿಸಿದ ಸೊಳ್ಳೆಗಳಿಂದ ಜಪಾನೀಸ್ ಎನ್‌ಸೆಫಲೈಟಿಸ್ ಮತ್ತು ವೆಸ್ಟ್ ನೈಲ್ ವೈರಾಣುಗಳನ್ನು ವಿಜ್ಞಾನಿಗಳು ಬೇರ್ಪಡಿಸಿದರು. ಜನ ಮೆದುಳು ಜ್ವರವೆಂದು ಕರೆಯುವ ಮೊದಲನೆಯದು ಹೆಚ್ಚಾಗಿ ಮಕ್ಕಳನ್ನು ಕಾಡುತ್ತದೆ. ಹಂದಿ ಮತ್ತು ಕೊಕ್ಕರೆಗಳಲ್ಲಿ ಬೆಳೆದು, ನಿಂತ ನೀರಿನ ಗದ್ದೆ, ಹೊಂಡಗಳ ಸೊಳ್ಳೆಗಳ ಮೂಲಕ ಮನುಷ್ಯರಿಗೆ ಬರುತ್ತದೆ. ದೇಶದ ಪುಸ್ತಕಗಳಲ್ಲಿ ಕೋಲಾರದ ಹೆಸರು ಈ ಕಾರಣಕ್ಕೂ ಬರುತ್ತದೆ.

2018ರ ಜೂನ್‌ನಲ್ಲಿ ಕೋರಮಂಗಲ–ಚಲ್ಲಘಟ್ಟ ಕಣಿವೆ ಯೋಜನೆಯ ಮೂಲಕ ಬೆಂಗಳೂರಿನ ಸಂಸ್ಕರಿಸಿದ ನೀರು ಜಿಲ್ಲೆಯ ಕೆರೆಗಳಿಗೆ ಹರಿಯತೊಡಗಿತು. ವರ್ಷಾನುಗಟ್ಟಲೆ ಒಣಗಿದ್ದ ಕೆರೆಗಳು ತುಂಬಿದವು, ಅಂತರ್ಜಲದ ಆಸೆ ಚಿಗುರಿತು. ನೀರಿನ ಗುಣಮಟ್ಟದ ವಾದ ನ್ಯಾಯಾಲಯಗಳ ಮೆಟ್ಟಿಲೇರಿತು. ಆ ವಾದದ ಗದ್ದಲದಲ್ಲಿ ಒಂದು ಸಣ್ಣ ವಿಷಯ ಬದಿಗೆ ಸರಿದಂತಿದೆ: ಒಣ ಸೀಮೆಯಲ್ಲಿ ವರ್ಷವಿಡೀ ನೀರು ನಿಂತರೆ ಸೊಳ್ಳೆಯ ಲೆಕ್ಕವೂ ಬದಲಾಗಬಹುದು, ಹಾಗೆ ಬದಲಾದರೆ ಅದನ್ನು ಮೊದಲು ಕಾಣಬೇಕಾದದ್ದು ಆರೋಗ್ಯ ಸಿಬ್ಬಂದಿಯ ದಿನಚರಿ ಪುಸ್ತಕದಲ್ಲಿ. ಕೆರೆ ತುಂಬಿದ ಸಂತೋಷಕ್ಕೆ ಇದೇನೂ ವಿರೋಧವಲ್ಲ.

2006ರ ಚಿಕುನ್‌ಗುನ್ಯಾ ಹಾವಳಿಯನ್ನು ಜಿಲ್ಲೆಯ ಹಿರಿಯ ವರ್ತಕರು ಮರೆತಿರಲಾರರು. ಆ ವರ್ಷ ದೇಶದಲ್ಲಿ ಸುಮಾರು 13 ಲಕ್ಷಕ್ಕೂ ಹೆಚ್ಚು ಶಂಕಿತ ಪ್ರಕರಣಗಳು ವರದಿಯಾದವು. ಅವುಗಳಲ್ಲಿ ಏಳೂವರೆ ಲಕ್ಷ ಕರ್ನಾಟಕದವೇ. ರೋಗ ಪ್ರಾಣ ತೆಗೆಯುವುದು ಅಪರೂಪ, ಆದರೆ ಕೀಲುನೋವು ವಾರಗಟ್ಟಲೆ, ಕೆಲವರಿಗೆ ತಿಂಗಳುಗಟ್ಟಲೆ ಉಳಿಯುತ್ತದೆ. ಮೂಟೆ ಹೊರುವ ಹಮಾಲಿಗೆ ಭುಜ ಎತ್ತಲಾಗದಿದ್ದರೆ, ರೇಷ್ಮೆ ಬಿಚ್ಚುವವಳಿಗೆ ಬೆರಳು ಮಡಿಸಲಾಗದಿದ್ದರೆ ಆ ನಷ್ಟ ಯಾವ ಆಸ್ಪತ್ರೆಯ ಲೆಕ್ಕಕ್ಕೂ ಬರುವುದಿಲ್ಲ. ನಿಗಾ ಯೋಜನೆ ಆಗಿನ್ನೂ ಎರಡು ವರ್ಷದ ಕೂಸು. ರೋಗ ಊರೂರು ಹಬ್ಬಿದ ಮೇಲೆಯೇ ಅಂಕಿ ಅಂಶಗಳು ಕೂಡಿಬಂದದ್ದು.

ಚಿಕುನ್‌ಗುನ್ಯಾ ಹರಡುವ ಈಡಿಸ್ ಸೊಳ್ಳೆಯೇ ಡೆಂಗ್ಯೂ ಜ್ವರವನ್ನೂ ಹರಡುತ್ತದೆ. ಇದು ಕೆರೆಯ ಸೊಳ್ಳೆಯಲ್ಲ, ತೊಟ್ಟಿಯ ಸೊಳ್ಳೆ. ಹಳೆಯ ಟೈರು, ಮುಚ್ಚಳವಿಲ್ಲದ ಡ್ರಮ್ಮು, ಕಟ್ಟಡಕ್ಕೆ ನೀರುಣಿಸುವ ಹೊಂಡ, ಏರ್‌ಕೂಲರಿನ ತಟ್ಟೆ, ಇವೆಲ್ಲ ಅದರ ಹೆರಿಗೆಮನೆಗಳು. ಅಂದರೆ ಬಹುಮಟ್ಟಿಗೆ ವ್ಯಾಪಾರಿ ಸ್ಥಳಗಳೇ. ರಾಜ್ಯ ಸರ್ಕಾರ 2020ರ ಕರ್ನಾಟಕ ಸಾಂಕ್ರಾಮಿಕ ರೋಗಗಳ ಕಾಯ್ದೆಯಡಿ 2024ರಲ್ಲಿ ಡೆಂಗ್ಯೂವನ್ನು ಸಾಂಕ್ರಾಮಿಕ ರೋಗವೆಂದು ಅಧಿಸೂಚಿಸಿ, ಸೊಳ್ಳೆ ಬೆಳೆಯಲು ಬಿಟ್ಟವರಿಗೆ ದಂಡವನ್ನೂ ಗೊತ್ತುಪಡಿಸಿತು. ವಾಣಿಜ್ಯ ಸಂಸ್ಥೆಗಳಿಗೆ ನಗರ ಪ್ರದೇಶದಲ್ಲಿ 1,000 ರೂಪಾಯಿ, ಗ್ರಾಮೀಣ ಪ್ರದೇಶದಲ್ಲಿ 500. ಕಟ್ಟಡ ನಿರ್ಮಾಣ ಸ್ಥಳ ಮತ್ತು ಖಾಲಿ ನಿವೇಶನಗಳಿಗೆ ಕ್ರಮವಾಗಿ 2,000 ಮತ್ತು 1,000. ಮೊತ್ತ ದೊಡ್ಡದಲ್ಲ. ಡ್ರಮ್ಮಿಗೆ ಮುಚ್ಚಳ ಹಾಕುವ ಖರ್ಚು ಅದಕ್ಕಿಂತಲೂ ಕಡಿಮೆ.

ಜರಡಿಯ ತೂತುಗಳು

ವ್ಯವಸ್ಥೆ ಕಾಗದದ ಮೇಲೆ ಅಚ್ಚುಕಟ್ಟಾಗಿದ್ದರೂ ಕೋಲಾರ ಸೀಮೆಯಲ್ಲಿ ಅದರ ಕಣ್ಣಿಗೆ ಬೀಳದ ಜಾಗಗಳು ಕೆಲವಿವೆ, ಅವುಗಳಲ್ಲಿ ಹೆಚ್ಚಿನವು ವ್ಯಾಪಾರ ಉದ್ದಿಮೆಗಳ ಅಂಗಳದಲ್ಲಿವೆ.

ಮೊದಲನೆಯದು ವಲಸೆ ಕಾರ್ಮಿಕರು. ಮಾಲೂರಿನ ಇಟ್ಟಿಗೆ ಗೂಡುಗಳು, ಹೆಂಚಿನ ಕಾರ್ಖಾನೆಗಳು, ಟೇಕಲ್ ಸುತ್ತಿನ ಕಲ್ಲುಗಣಿಗಳು, ನರಸಾಪುರ ಮತ್ತು ವೇಮಗಲ್ ಕೈಗಾರಿಕಾ ಪ್ರದೇಶಗಳ ವಸತಿ ಗೃಹಗಳು ದೂರದೂರದಿಂದ ಬಂದ ಸಾವಿರಾರು ಜನರಿಂದ ತುಂಬಿವೆ. ಆಶಾ ಕಾರ್ಯಕರ್ತೆಯ ಪುಸ್ತಕದಲ್ಲಿ ಊರಿನ ಮನೆಗಳಿರುತ್ತವೆ. ಗೂಡಿನ ಪಕ್ಕದ ಜೋಪಡಿಗಳು, ಹತ್ತಾರು ಜನ ಪಾಳಿಯಲ್ಲಿ ಮಲಗುವ ಬಾಡಿಗೆ ಕೋಣೆಗಳು ಅದರಲ್ಲಿ ಸೇರುವುದು ಸುಲಭವಲ್ಲ. ಹಗಲಿನಲ್ಲಿ ಆಕೆ ಹೋದಾಗ ಅವರು ಕೆಲಸದಲ್ಲಿರುತ್ತಾರೆ, ಭಾಷೆಯೂ ಬೇರೆ. ಅವರಿಗೆ ಜ್ವರ ಬಂದದ್ದು ಮೊದಲು ತಿಳಿಯುವುದು ಮೇಸ್ತ್ರಿಗೆ, ಗುತ್ತಿಗೆದಾರನಿಗೆ ಇಲ್ಲವೇ ಹಾಜರಿ ಪುಸ್ತಕ ಬರೆಯುವ ಗುಮಾಸ್ತನಿಗೆ. ಒಂದೇ ಕೋಣೆಯ ನಾಲ್ವರು ಒಂದೇ ವಾರ ಗೈರುಹಾಜರಾದರೆ ಹಾಜರಿ ಪುಸ್ತಕಕ್ಕೆ ಅದು ಸಂಬಳದ ಕಡಿತ. ಆರೋಗ್ಯಾಧಿಕಾರಿಗೆ ಅದು ಮುನ್ಸೂಚನೆ. ಎರಡೂ ಕಡೆ ಒಂದೇ ಮಾಹಿತಿ, ನಡುವೆ ಒಂದು ದೂರವಾಣಿ ಕರೆಯಷ್ಟೇ ಅಂತರ.

ಕಲ್ಲುಗಣಿಗಳ ವಿಷಯದಲ್ಲಿ ಇನ್ನೊಂದು ಮಾತು ಸೇರಿಸಬೇಕು. ಸಿಲಿಕಾ ಧೂಳು ಉಸಿರಾಡುವವರಿಗೆ ಕ್ಷಯ ತಗುಲುವ ಸಾಧ್ಯತೆ ಇತರರಿಗಿಂತ ಹೆಚ್ಚು. ಕೆಮ್ಮನ್ನು ‘ಧೂಳಿನ ಕೆಮ್ಮು’ ಎಂದು ತಳ್ಳಿಹಾಕುವ ವಾಡಿಕೆಯಿಂದ ರೋಗ ತಡವಾಗಿ ಪತ್ತೆಯಾಗುತ್ತದೆ. ಅಷ್ಟರಲ್ಲಿ ಅದೇ ಜೋಪಡಿಯ ಮತ್ತಿಬ್ಬರಿಗೆ ಅಂಟಿರುತ್ತದೆ.

ಎರಡನೆಯದು ಔಷಧಿ ಅಂಗಡಿ. ಕ್ಷಯರೋಗವನ್ನು ಖಾಸಗಿ ವೈದ್ಯರೂ ಕಡ್ಡಾಯವಾಗಿ ವರದಿ ಮಾಡಬೇಕೆಂಬ ಆದೇಶ ಬಂದದ್ದು 2012ರ ಮೇ 7ರಂದು. 2018ರ ಮಾರ್ಚ್‌ನ ಅಧಿಸೂಚನೆ ಕ್ಷಯದ ಔಷಧಿ ಮಾರುವ ಅಂಗಡಿಗಳನ್ನೂ ಈ ಹೊಣೆಯೊಳಗೆ ತಂದಿತು. ವರದಿ ಮಾಡದಿರುವುದು ದಂಡಾರ್ಹವೆಂಬುದು ಹಲವು ಅಂಗಡಿಕಾರರಿಗೆ ತಿಳಿದಿದೆ; ಔಷಧಿಯ ಹೆಸರು, ವೈದ್ಯರ ಹೆಸರು, ರೋಗಿಯ ವಿಳಾಸ ಬರೆದಿಡುವ ಪುಸ್ತಕವೂ ಇರುತ್ತದೆ. ಆದರೆ ಕಾನೂನಿನ ಹೊಣೆ ಬದಿಗಿರಲಿ, ಅಂಗಡಿಕಾರನ ಅನುಭವಕ್ಕೆ ಬೇರೆಯೇ ಬೆಲೆಯಿದೆ. ಒಂದು ಬೀದಿಗೆ ಹೆಚ್ಚಾಗಿ ಓಆರ್‌ಎಸ್ ಪೊಟ್ಟಣಗಳು ಮಾರಾಟವಾದರೆ, ಪ್ಯಾರಾಸಿಟಮಾಲ್ ಮಾತ್ರೆ ಎಂದಿಗಿಂತ ಬೇಗ ಖಾಲಿಯಾದರೆ ಆ ಬಡಾವಣೆಯಲ್ಲಿ ಏನೋ ನಡೆದಿದೆಯೆಂದು ಆತನಿಗೆ ಯಾವ ಗಣಕ ವ್ಯವಸ್ಥೆಗಿಂತಲೂ ಮುಂಚೆ ತಿಳಿಯುತ್ತದೆ. ಸರಕು ತರಿಸುವ ಚೀಟಿಯೇ ಒಂದು ಬಗೆಯ ವರದಿ.

ಮೂರನೆಯದು ಗಡಿ. ಮುಳಬಾಗಿಲು, ಶ್ರೀನಿವಾಸಪುರಗಳ ಆಚೆ ಆಂಧ್ರ. ಮಾಲೂರಿನ ಆಚೆ ತಮಿಳುನಾಡು. ಗಡಿಯ ಜನ ಕಾಯಿಲೆ ಬಿದ್ದರೆ ಕೋಲಾರದ ಎಸ್‌ಎನ್‌ಆರ್ ಆಸ್ಪತ್ರೆಗೆ ಅಥವಾ ಟಮಕದ ಜಾಲಪ್ಪ ಆಸ್ಪತ್ರೆಗೆ ಬರುವಷ್ಟೇ ಸಹಜವಾಗಿ ಕುಪ್ಪಂಗೆ, ವೆಲ್ಲೂರಿಗೆ, ಹೊಸೂರಿಗೆ ಹೋಗುತ್ತಾರೆ. ಒಂದೇ ಮದುವೆಯೂಟದಿಂದ ಕಾಯಿಲೆ ಬಿದ್ದವರು ಮೂರು ರಾಜ್ಯಗಳ ಆಸ್ಪತ್ರೆಗಳಲ್ಲಿ ಹಂಚಿಹೋದರೆ ಯಾವ ರಾಜ್ಯಕ್ಕೂ ಅದು ಗುಂಪಾಗಿ ಕಾಣುವುದಿಲ್ಲ. ಸರಕಿಗೆ ಗಡಿ ಎಷ್ಟು ಸೂಕ್ಷ್ಮವೆಂಬುದನ್ನು ಶ್ರೀನಿವಾಸಪುರದ ಮಾವಿನ ಬೆಳೆಗಾರರು 2025ರ ಜೂನ್‌ನಲ್ಲಿ ಕಂಡರು. ಚಿತ್ತೂರು ಜಿಲ್ಲಾಡಳಿತ ಹೊರರಾಜ್ಯದ ತೋತಾಪುರಿಗೆ ತಡೆ ಹಾಕಿದಾಗ ಆಚೆಯ ತಿರುಳು ಕಾರ್ಖಾನೆಗಳನ್ನೇ ನಂಬಿದ್ದವರು ಕಂಗೆಟ್ಟರು. ಅಲ್ಲಿ ಕಾರಣ ಬೆಲೆಯಾಗಿತ್ತು, ರೋಗವಾಗಿರಲಿಲ್ಲ. ಆದರೂ ಮಾವಿನ ಸುಗ್ಗಿಯೂ ಮುಂಗಾರಿನ ಜ್ವರ, ಭೇದಿಗಳ ಕಾಲವೂ ಕೂಡಿಯೇ ಬರುತ್ತವೆಂಬುದು ನೆನಪಿನಲ್ಲಿರಬೇಕು.

ಹೇಳಿದರೆ ಬಾಗಿಲು ಮುಚ್ಚಿಸುತ್ತಾರೆಯೇ?

ವರ್ತಕರ, ಉದ್ದಿಮೆದಾರರ ನಿಜವಾದ ಹಿಂಜರಿಕೆ ಇದು. ಕಾರ್ಖಾನೆಯಲ್ಲಿ ರೋಗವಿದೆಯೆಂದು ಹೇಳಿಕೊಂಡರೆ ಅಧಿಕಾರಿಗಳು ಬರುತ್ತಾರೆ, ಪತ್ರಿಕೆಯಲ್ಲಿ ಹೆಸರು ಬರುತ್ತದೆ, ಖರೀದಿದಾರ ದೂರ ಸರಿಯುತ್ತಾನೆ ಎಂಬ ಭಯ. ಈ ಭಯಕ್ಕೆ ಆಧಾರವಿಲ್ಲವೆಂದು ಹೇಳಲಾಗದು. 1994ರಲ್ಲಿ ದೇಶಕ್ಕೇ ಆದದ್ದು ಅದೇ. ಸಾಮಾನ್ಯ ವರದಿಗಳಲ್ಲಿ ನಮೂದಾಗುವುದು ರೋಗ, ಸ್ಥಳ ಮತ್ತು ರೋಗಿಗಳ ಸಂಖ್ಯೆ, ಅಂಗಡಿಯ ಫಲಕವಲ್ಲ. ಆದರೂ ಸಣ್ಣ ಊರಿನಲ್ಲಿ ಯಾವ ಮಾತೂ ಗುಟ್ಟಾಗಿ ಉಳಿಯುವುದಿಲ್ಲವೆಂಬುದು ಎಲ್ಲರಿಗೂ ತಿಳಿದದ್ದೇ. ಆದುದರಿಂದ ತೂಗಿ ನೋಡಬೇಕಾದದ್ದು ಹೇಳಿದರೆ ಆಗುವ ನಷ್ಟ ಮತ್ತು ಹೇಳದಿದ್ದರೆ ಆಗುವ ನಷ್ಟ, ಇವೆರಡನ್ನು.

ಎರಡನೆಯದಕ್ಕೆ ಹತ್ತಿರದ ನಿದರ್ಶನಗಳಿವೆ. 2020ರ ಮೇ ಆರಂಭದಲ್ಲಿ ಚೆನ್ನೈನ ಕೊಯಂಬೇಡು ತರಕಾರಿ ಮಾರುಕಟ್ಟೆಯಲ್ಲಿ ಕೋವಿಡ್ ಹರಡಿ, ಮೇ 5ರಂದು ಇಡೀ ಮಾರುಕಟ್ಟೆಯನ್ನು ಮುಚ್ಚಬೇಕಾಯಿತು. ಅಷ್ಟರಲ್ಲಿ ಸೋಂಕು ಹಮಾಲಿಗಳು, ಚಾಲಕರು, ಚಿಲ್ಲರೆ ವ್ಯಾಪಾರಿಗಳ ಜೊತೆ ತಮಿಳುನಾಡಿನ ಹಲವು ಜಿಲ್ಲೆಗಳಿಗೆ, ಅದರಾಚೆಗೂ ಪಯಣಿಸಿತ್ತು. ಅಲ್ಲಿಯವರೆಗೂ ಒಂದೂ ಪ್ರಕರಣವಿಲ್ಲದೆ ಹಸಿರು ವಲಯವೆನಿಸಿದ್ದ ಕೋಲಾರ ಜಿಲ್ಲೆಯಲ್ಲಿ ಮೇ ಎರಡನೆಯ ವಾರ ಮೊದಲ ಪ್ರಕರಣಗಳು ಕಾಣಿಸಿಕೊಂಡದ್ದು ಹೆದ್ದಾರಿಯ ಮೇಲಿನ ಮುಳಬಾಗಿಲು ತಾಲ್ಲೂಕಿನಲ್ಲಿ. ಪ್ಲೇಗಿನ ಕಡತವನ್ನು 1966ರಲ್ಲಿ ಮುಚ್ಚಿದ ಊರೇ ಹೊಸ ಕಡತವನ್ನು ತೆರೆದದ್ದು ಕಾಕತಾಳೀಯವಾಗಿರಬಹುದು. ಆದರೆ ಗಡಿ ಮತ್ತು ಹೆದ್ದಾರಿ ಎರಡೂ ಇರುವ ಊರಿಗೆ ಸುದ್ದಿಯೂ ರೋಗವೂ ಬೇಗ ಬರುತ್ತವೆ.

ಇನ್ನೊಂದು ಘಟನೆ 2021ರ ಡಿಸೆಂಬರ್‌ನದು. ಚೆನ್ನೈ ಸಮೀಪದ ಶ್ರೀಪೆರಂಬದೂರಿನಲ್ಲಿ ಮೊಬೈಲ್ ಜೋಡಿಸುವ ಬೃಹತ್ ಕಾರ್ಖಾನೆಯ ಮಹಿಳಾ ಕಾರ್ಮಿಕರ ವಸತಿ ಗೃಹವೊಂದರಲ್ಲಿ ಊಟದಿಂದ ನೂರಾರು ಜನ ಅಸ್ವಸ್ಥರಾದರು. 159 ಜನರನ್ನು ಆಸ್ಪತ್ರೆಗೆ ಸೇರಿಸಲಾಯಿತು. ಯಾರು ಎಲ್ಲಿದ್ದಾರೆ, ಹೇಗಿದ್ದಾರೆ ಎಂಬ ಖಚಿತ ಮಾಹಿತಿ ಗೆಳತಿಯರಿಗೆ ಸಿಗಲಿಲ್ಲ. ಕೆಲವರು ಸತ್ತಿದ್ದಾರೆಂಬ ವದಂತಿ ಹಬ್ಬಿತು. ಸಾವಿರಾರು ಕಾರ್ಮಿಕರು ಹೆದ್ದಾರಿಯಲ್ಲಿ ಕುಳಿತರು, ಕಾರ್ಖಾನೆ ವಾರಗಟ್ಟಲೆ ಮುಚ್ಚಿ ಜನವರಿಯಲ್ಲಿ ತೆರೆಯಿತು. ಯಾರೂ ಸತ್ತಿರಲಿಲ್ಲ. ಪ್ರಪಂಚದ ಪತ್ರಿಕೆಗಳಲ್ಲಿ ಹೆಸರು ಬಂದದ್ದು ರೋಗ ವರದಿಯಾದುದರಿಂದ ಅಲ್ಲ, ಸಕಾಲದಲ್ಲಿ ಸರಿಯಾಗಿ ವರದಿಯಾಗದುದರಿಂದ. ಅದೇ ಬಗೆಯ ಕಾರ್ಖಾನೆ, ಅದೇ ಬಗೆಯ ವಸತಿ ಗೃಹಗಳು ಇಂದು ನರಸಾಪುರದಲ್ಲಿವೆ.

ಪ್ರತಿ ಸಂಸ್ಥೆಯೂ ಒಬ್ಬ ವೈದ್ಯರನ್ನು ನೇಮಿಸಬೇಕಿಲ್ಲ. ಹಾಜರಿ ನೋಡುವ ಒಬ್ಬ ನೌಕರನಿಗೆ ಮೂರು ಸಂಗತಿ ಗುರುತಿಸಲು ಕಲಿಸಿದರೆ ಸಾಕು: ಒಂದೇ ಕೋಣೆ ಅಥವಾ ಪಾಳಿಯವರಿಗೆ ಒಂದೇ ವಾರದಲ್ಲಿ ಜ್ವರ, ಒಂದೇ ಊಟದ ನಂತರ ಹಲವರಿಗೆ ವಾಂತಿ ಭೇದಿ, ಎರಡು ವಾರ ದಾಟಿದ ಕೆಮ್ಮು. ಮೊದಲೆರಡಕ್ಕೆ ಅಂದೇ ಸಮೀಪದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಅಥವಾ ತಾಲ್ಲೂಕು ಆರೋಗ್ಯಾಧಿಕಾರಿಯ ಕಚೇರಿಗೆ ತಿಳಿಸುವುದು, ಮೂರನೆಯದಕ್ಕೆ ಕಫ ಪರೀಕ್ಷೆಗೆ ಕಳುಹಿಸುವುದು. ಕ್ಷಯ ದೃಢಪಟ್ಟರೆ ಔಷಧಿ ಉಚಿತ. ಪೌಷ್ಟಿಕ ಆಹಾರಕ್ಕೆಂದು 2018ರಿಂದ ತಿಂಗಳಿಗೆ 500 ರೂಪಾಯಿ ಕೊಡಲಾಗುತ್ತಿದ್ದುದನ್ನು 2024ರ ನವೆಂಬರ್‌ನಿಂದ 1,000ಕ್ಕೆ ಏರಿಸಲಾಗಿದೆ. ಕೆಲಸ ಹೋಗುವುದಿಲ್ಲವೆಂಬ ಭರವಸೆ ಮಾತ್ರ ಮಾಲೀಕನೇ ಕೊಡಬೇಕಾದದ್ದು. ಅದಿಲ್ಲದಿದ್ದರೆ ಯಾವ ಕಾರ್ಮಿಕನೂ ತನ್ನ ಕೆಮ್ಮನ್ನು ಹೇಳಿಕೊಳ್ಳುವುದಿಲ್ಲ.

ಕೊನೆಯದಾಗಿ, ಧಾನ್ಯ, ಬೆಲ್ಲ, ಪಶು ಆಹಾರಗಳ ಗೋದಾಮು ಇರುವವರಿಗೆ ಮುಳಬಾಗಿಲಿನ ಚರಿತ್ರೆಯಿಂದ ಬಂದ ಒಂದು ಸೂಚನೆ. ಗೋದಾಮಿನಲ್ಲಿ ಪಾಷಾಣ ಇಡದೆಯೂ ಇಲಿಗಳು ಸತ್ತು ಬಿದ್ದರೆ ಗುಡಿಸಿ ಹೊರಗೆ ಎಸೆಯಬಾರದು, ಬರಿಗೈಯಲ್ಲಿ ಮುಟ್ಟಬಾರದು. ಇಲಿಯ ಮೈ ತಣ್ಣಗಾದೊಡನೆ ಚಿಗಟಗಳು ಬಿಸಿ ಮೈಯನ್ನು ಹುಡುಕಿ ಹೊರಡುತ್ತವೆ. ಹತ್ತಿರದಲ್ಲಿ ಸಿಗುವುದು ಹಮಾಲಿಯ ಕಾಲು. ಹಾಗೆಯೇ ಇಂಥ ಶಂಕೆಯಿರುವಾಗ ಇಲಿ ಕೊಲ್ಲಲು ಆತುರಪಟ್ಟು ಮೊದಲು ಪಾಷಾಣ ಇಡುವುದು ಅಪಾಯಕರ. ಮೊದಲು ಕೀಟನಾಶಕದಿಂದ ಚಿಗಟ, ಆಮೇಲೆ ಇಲಿ, ಇದು ಕ್ರಮ. ಪ್ಲೇಗು ಇಂದು ಬೇಗ ಗುರುತಿಸಿದರೆ ಸಾಮಾನ್ಯ ಪ್ರತಿಜೀವಕಗಳಿಂದ ಗುಣವಾಗುವ ರೋಗ. ಚಿಕಿತ್ಸೆ ಸಿಗದ ಗೆಡ್ಡೆ ಪ್ಲೇಗಿನಲ್ಲಿ ನೂರಕ್ಕೆ 30ರಿಂದ 60 ಜನ ಸಾಯುತ್ತಾರೆ. ಸತ್ತ ಇಲಿಗಳ ಸುದ್ದಿಯನ್ನು ತಾಲ್ಲೂಕು ಆರೋಗ್ಯಾಧಿಕಾರಿಯ ಕಚೇರಿಗೆ ತಿಳಿಸಿದರೆ ಮಾದರಿ ತೆಗೆದು ಪರೀಕ್ಷೆಗೆ ಕಳುಹಿಸುವುದು ಇಲಾಖೆಯ ಕೆಲಸ. ಬಹುತೇಕ ಅದು ಪಕ್ಕದ ಅಂಗಡಿಯವರು ಇಟ್ಟ ಪಾಷಾಣವೇ ಆಗಿರುತ್ತದೆ. ಹಾಗೆಂದು ಖಚಿತವಾಗಿ ತಿಳಿಯುವವರೆಗೆ ಆ ಮೂಲೆಯ ಮೂಟೆಗಳನ್ನು ಎತ್ತಿಸದಿರುವುದು ಒಳಿತು.